ಬಿಸಿಲಿನ ಫಿಲ್ಮು

ತಳಕಲ್
೧೨ ನವೆಂಬರ್ ೧೯೩೮

ಅಣ್ಣ ಕರಿಬಸಪ್ಪನಿಗೆ ತಂಗಿ ಶೇಖರಮ್ಮನ ನಮಸ್ಕಾರ.

ಕ್ಷೇಮವೆಂದು ಬರೆದರೆ ಸುಳ್ಳಾಗುತ್ತದೆ, ಇಲ್ಲವೆಂದು ಬರೆದರೆ ನೀನು ಮುಂಬಯಿಯಲ್ಲಿ ಊಟ ಬಿಡುತ್ತೀ. ಆದ್ದರಿಂದ ಆ ಸಾಲನ್ನು ಬಿಟ್ಟೇ ಶುರು ಮಾಡಿದ್ದೇನೆ.

ನನ್ನ ಎಡಗೈ ಮೇಲೆ, ಮೊಣಕೈಗಿಂತ ಕೆಳಗೆ, ಎರಡು ಕಲೆ ಎದ್ದಿವೆ. ಒಂದು ವೀಳ್ಯದೆಲೆಯಷ್ಟು, ಇನ್ನೊಂದು ಹುಣಸೆ ಬೀಜದಷ್ಟು. ಕುಷ್ಟಗಿಯಿಂದ ವೈದ್ಯರನ್ನು ಕರೆಸಿದ್ದರು. ಅವರು ಕಂದೀಲು ಹಿಡಿದು ನೋಡಿ, ಕೆಂಪಗಿದೆ, ದೊಡ್ಡ ರೋಗದ ಸಂಶಯವಿದೆ ಎಂದರು. ಆಳು ಹುಲಿಗವ್ವ ಬಿಳಿ ಎನ್ನುತ್ತಾಳೆ. ನನ್ನ ಕಣ್ಣಿಗೆ ದಿನಕ್ಕೊಂದು ಬಣ್ಣ ಕಾಣುತ್ತದೆ.

ಅತ್ತೆ ವಿರೂಪಾಕ್ಷಮ್ಮನವರು ಅವತ್ತೇ ಹೇಳಿಬಿಟ್ಟರು: "ಸಂಶೇ ತೀರೂಮಟ ಕೂಸಿನ್ನ ಮುಟ್ಟಬ್ಯಾಡವ್ವ." ನನ್ನ ಅನ್ನಿಗೆ ಇನ್ನೂ ಮೂರು ತುಂಬಿಲ್ಲ. ನಾನು ಅವಳನ್ನು ಎತ್ತಿಕೊಳ್ಳದೆ ಇಪ್ಪತ್ತಾರು ದಿನವಾಯಿತು. ಅವಳ ತಲೆ ಯಾರು ಬಾಚುತ್ತಾರೋ, ಯಾರು ಉಣಿಸುತ್ತಾರೋ, ದನಿ ಮಾತ್ರ ಕೇಳುತ್ತದೆ. ಗದಗಿಗೋ ಮೀರಜಿಗೋ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಇವರನ್ನು ಕೇಳಿದೆ. "ಗಾಡಿ ಕಟ್ಟಿದ್ರ ಊರಾಗ ಎಲ್ಲಾರಿಗೂ ಗೊತ್ತಾಗತೈತಿ" ಅಂದರು. ನಿನ್ನ ಭಾವನವರು ಕೆಟ್ಟವರಲ್ಲ, ತಾಯಿಯ ಮುಂದೆ ಮಾತ್ರ ಅವರಿಗೆ ನಾಲಿಗೆ ಇರುವುದಿಲ್ಲ.

ನಿನ್ನ ಫೋಟೋ ಸಾಮಾನಿನ ಅಂಗಡಿಗೆ ದೊಡ್ಡ ದೊಡ್ಡ ಡಾಕ್ಟರು ಬರುತ್ತಾರೆಂದು ಬರೆದಿದ್ದೆಯಲ್ಲ, ಒಬ್ಬರನ್ನಾದರೂ ಕೇಳು. ನನಗೆ ರೋಗ ಬಂದರೆ ಬರಲಿ, ಅಣ್ಣಾ. ಇದೆಯೋ ಇಲ್ಲವೋ ಗೊತ್ತಾಗಬೇಕು. ನನಗೆ ನನ್ನ ಮಗಳು ಬೇಕು.

ಶೇಖರಮ್ಮ


ಮುಂಬಯಿ
೨೪ ನವೆಂಬರ್ ೧೯೩೮

ತಂಗಿ ಶೇಖರಿಗೆ ಆಶೀರ್ವಾದ.

ಕಾಗದ ಬಂದ ದಿನವೇ ಕೇಳಿದೆ. ಚರ್ಮರೋಗದ ಡಾಕ್ಟರೊಬ್ಬರು ತಮ್ಮ ರೋಗಿಗಳ ಬಣ್ಣದ ಚಿತ್ರ ತೆಗೆಯಲು ನಮ್ಮಲ್ಲೇ ಫಿಲ್ಮು ಕೊಳ್ಳುತ್ತಾರೆ. "ನೋಡಿದವರ ಮಾತು ನನಗೆ ಬೇಡ, ಬಣ್ಣ ತೋರಿಸಿ" ಎಂದರು. ಕಲೆ ಹಾಲಿನಂತೆ ಬೆಳ್ಳಗಿದ್ದರೆ ಅದು ತೊನ್ನು, ಯಾರಿಗೂ ಅಂಟುವುದಿಲ್ಲ, ಮಗುವನ್ನು ದಿನವಿಡೀ ಎತ್ತಿಕೊಂಡಿರಬಹುದು. ತಾಮ್ರದ ಬಣ್ಣಕ್ಕಿದ್ದರೆ ಕುಷ್ಠದ ಸಂಶಯ ಪಡಬೇಕು. ಕಪ್ಪು ಬಿಳುಪಿನ ಫೋಟೋದಲ್ಲಿ ಎರಡೂ ಒಂದೇ ಬೂದಿ. ಆದ್ದರಿಂದ ಬಣ್ಣದ ಫಿಲ್ಮೇ ಬೇಕು.

ಗಂಗಾವತಿಯ ಅಕ್ಕಿ ವ್ಯಾಪಾರಿ ಹಂಪಣ್ಣನವರು ಇಲ್ಲಿಗೆ ಬಂದಿದ್ದಾರೆ. ಅವರ ಕೈಯಲ್ಲಿ ಸಣ್ಣ ಕ್ಯಾಮೆರಾ ಕಳಿಸುತ್ತೇನೆ. ಕೊಪ್ಪಳದ ನೂರಸಾಬ ಗೊತ್ತಲ್ಲ, ನಮ್ಮ ಅಪ್ಪನ ಕೊನೆಯ ಫೋಟೋ ತೆಗೆದವನು. ಅವನು ಬಂದು ತೆಗೆಯುತ್ತಾನೆ.

ಈಗ ನಾನು ಕೇಳುವುದಕ್ಕೆ ಸರಿಯಾಗಿ ಉತ್ತರ ಬರೆ. ಬಣ್ಣದ ಫಿಲ್ಮಿನಲ್ಲಿ ಎರಡು ಜಾತಿ, ಒಂದು ಬಿಸಿಲಿಗೆ, ಒಂದು ದೀಪಕ್ಕೆ. ನಮ್ಮ ಕಣ್ಣು ಯಾವ ಬೆಳಕಿಗಾದರೂ ಹೊಂದಿಕೊಂಡುಬಿಡುತ್ತದೆ, ಫಿಲ್ಮು ಹೊಂದಿಕೊಳ್ಳುವುದಿಲ್ಲ. ಬಿಸಿಲಿನ ಫಿಲ್ಮಿನಲ್ಲಿ ದೀಪದ ಮುಂದೆ ತೆಗೆದರೆ ಎಲ್ಲ ಕೆಂಪು. ದೀಪದ ಫಿಲ್ಮನ್ನು ಬಿಸಿಲಿನಲ್ಲಿ ಬಿಚ್ಚಿದರೆ ಎಲ್ಲ ನೀಲಿ. ನೀನು ಎಲ್ಲಿ ಕೂಡುತ್ತೀ? ಅಲ್ಲಿ ಎಷ್ಟು ಹೊತ್ತಿಗೆ ಬಿಸಿಲು ಬರುತ್ತದೆ? ಗೋಡೆಯ ಬಣ್ಣ ಯಾವುದು? ಇದು ನಿನ್ನ ಅಣ್ಣನ ಪಾಂಡಿತ್ಯ ಎಂದು ನಗಬೇಡ, ಬೆಳಕು ತಿಳಿಯದೆ ಫಿಲ್ಮು ಕಳಿಸಿದರೆ ಬರುವ ಬಣ್ಣ ನಂಬುವಂತಿರುವುದಿಲ್ಲ.

ಕರಿಬಸಪ್ಪ


ತಳಕಲ್
೬ ಡಿಸೆಂಬರ್ ೧೯೩೮

ಅಣ್ಣನಿಗೆ ನಮಸ್ಕಾರ.

ನಕ್ಕೆ. ನಗದೆ ಹೇಗಿರಲಿ? ಚಿಕ್ಕವನಿದ್ದಾಗ ಹಗಲಲ್ಲೂ ಹಿತ್ತಲಿಗೆ ಹೋಗಲು ಹೆದರುತ್ತಿದ್ದವನು ಈಗ ಕತ್ತಲೆ ಬೆಳಕಿನ ಪಾಠ ಹೇಳುತ್ತಿದ್ದಾನೆ.

ತಳಕಲ್ಲಿಗೆ ಬೆಳಕಿನ ಬರವೇನು! ಮುಂದಿನ ಅಂಗಳದಲ್ಲಿ ಕೂಡುತ್ತೇನೆ. ಹೊತ್ತು ಏರಿದ ಮೇಲೆ ಅಂಗಳದ ತುಂಬ ಬಿಸಿಲೇ ಬಿಸಿಲು, ಹಾಸಿದ ಕಾಳು ಮೂರು ದಿನಕ್ಕೆ ಒಣಗುತ್ತವೆ. ಗೋಡೆಗೆ ಸುಣ್ಣ ಹೊಡೆದಿದೆ. ಬಿಸಿಲಿನ ಫಿಲ್ಮೇ ಕಳಿಸು.

ಮೊನ್ನೆ ಅನ್ನಿ "ಅವ್ವ ಎಲ್ಲಿ ಹೋಗ್ಯಾಳ?" ಎಂದು ಕೇಳುತ್ತಿದ್ದಳು. ಇಲ್ಲೇ ಅದೀನವ್ವಾ ಎಂದು ನಾನು ಕೂಗಿದೆ. ಯಾರೋ ಅವಳನ್ನು ಎತ್ತಿಕೊಂಡು ಹೋದರು.

ಬೇಗ ಕಳಿಸು.

ಶೇಖರಮ್ಮ


ಮುಂಬಯಿ
೧೭ ಡಿಸೆಂಬರ್ ೧೯೩೮

ತಂಗಿ ಶೇಖರಿಗೆ ಆಶೀರ್ವಾದ.

ಬಿಸಿಲಿನ ಫಿಲ್ಮು ಕ್ಯಾಮೆರಾದ ಜೊತೆಗೇ ಹೋಗಿದೆ. ಬೆಳಿಗ್ಗೆ ಒಂಬತ್ತರಿಂದ ಹತ್ತರ ಒಳಗೆ ತೆಗೆಯಿರಿ, ನಡುಹಗಲು ಬೇಡ. ಬಿಳಿ ಸೀರೆ ಉಡು. ಕೈಗೆ ಅರಿಶಿನ, ಎಣ್ಣೆ ಏನೂ ಹಚ್ಚಬೇಡ. ಮುಖವೂ ಬರಲಿ, ನಿನ್ನ ಮೈಬಣ್ಣ ಎದುರಿಗಿದ್ದರೆ ಡಾಕ್ಟರಿಗೆ ಕಲೆಯ ಬಣ್ಣ ತಿಳಿಯುತ್ತದೆ. ಮುಗಿದ ಫಿಲ್ಮನ್ನು ನೂರಸಾಬ ನನಗೇ ಕಳಿಸಲಿ. ಅದನ್ನು ತೊಳೆದು ತರಿಸಲು ಐದಾರು ವಾರ ಹಿಡಿಯುತ್ತದೆ.

ನಿಮ್ಮ ಅಂಗಳದ ಮಾತು ಓದಿ ಮನಸ್ಸು ಹಗುರಾಯಿತು. ನಿನ್ನನ್ನು ಎಲ್ಲೋ ಮೂಲೆಗೆ ಕೂರಿಸಿದ್ದಾರೇನೋ ಎಂದು ಅಂದುಕೊಂಡಿದ್ದೆ.

ಕರಿಬಸಪ್ಪ


ತಳಕಲ್
೯ ಜನವರಿ ೧೯೩೯

ಅಣ್ಣನಿಗೆ,

ನೂರಸಾಬ ನಿನ್ನೆ ಬಂದು ತೆಗೆದುಕೊಂಡು ಹೋದ. ಬಿಳಿ ಸೀರೆಯನ್ನೇ ಉಟ್ಟಿದ್ದೆ. ಬರೆಯುವಂಥದು ಬೇರೆ ಏನೂ ಇಲ್ಲ.

ಶೇಖರಮ್ಮ


ಮುಂಬಯಿ
೨೬ ಫೆಬ್ರವರಿ ೧೯೩೯

ತಂಗಿ ಶೇಖರಿಗೆ ಆಶೀರ್ವಾದ.

ಚಿತ್ರ ಬಂದಿದೆ. ಇದು ಕಾಗದದ ಮೇಲಿನ ಫೋಟೋ ಅಲ್ಲ, ಬೆಳಕಿಗೆ ಎತ್ತಿ ಹಿಡಿದು ನೋಡಬೇಕಾದ ಸಣ್ಣ ಚೂರು. ಏಳು ವರ್ಷದ ಮೇಲೆ ನಿನ್ನ ಮುಖ ನೋಡಿದೆ. ಬಡವಾಗಿದ್ದೀ. ಮುಖ, ಸೀರೆ ಎಲ್ಲ ಸ್ವಲ್ಪ ಕೆಂಪೇರಿದೆ. ಅದು ನಿಮ್ಮ ಊರಿನ ಕೆಮ್ಮಣ್ಣಿನ ಮೇಲಿಂದ ಬಂದ ಬಿಸಿಲಿನ ಗುಣ ಎಂದು ಡಾಕ್ಟರಿಗೆ ನಾನೇ ಹೇಳಿದೆ.

ಅವರು ಇನ್ನೂ ವಿಚಾರ ಮಾಡುತ್ತಿದ್ದಾರೆ. ಧೈರ್ಯದಿಂದಿರು. ಭಾವನವರು ಹೇಳಿದಂತೆ ಕೇಳು.

ಕರಿಬಸಪ್ಪ


ತಳಕಲ್ ಹೊಲದಿಂದ
೧೦ ಮಾರ್ಚ್ ೧೯೩೯

ಅಣ್ಣಾ,

ನನಗೆ ನೀನು ಬರೆದ ಕಾಗದವೂ ಬಂತು, ಇವರಿಗೆ ನೀನು ಬರೆದ ಕಾಗದವೂ ಬಂತು. ಎರಡೂ ಒಂದೇ ಕೈಬರಹ ಎಂದು ನಂಬುವುದು ಕಷ್ಟವಾಯಿತು.

ನನಗೆ, ಡಾಕ್ಟರು ವಿಚಾರ ಮಾಡುತ್ತಿದ್ದಾರೆ ಎಂದೆ. ಇವರಿಗೆ, ಕಲೆಯ ಬಣ್ಣ ತಾಮ್ರದಂತಿದೆ, ಡಾಕ್ಟರಿಗೆ ಅದು ಸರಿಕಾಣಲಿಲ್ಲ, ನಿಶ್ಚಯವಾಗುವವರೆಗೆ ಬೇರೆ ಇಡುವುದು ಒಳ್ಳೆಯದು ಎಂದೆ. ಕಳಕಪ್ಪನವರೇ ಎಂದು ಗೌರವದಿಂದ ಶುರು ಮಾಡಿದ್ದೆ. ಅವರು ಅದನ್ನು ಅಂಗಳದಲ್ಲಿ ನಿಂತು ತಾಯಿಗೆ ಓದಿ ಹೇಳಿದರು. ಸಂಜೆಯೊಳಗೆ ನನ್ನನ್ನು ಹೊಲದ ಗುಡಿಸಲಿಗೆ ತಂದು ಬಿಟ್ಟರು. ಒಂದು ಕೊಡ, ಎರಡು ಗಡಿಗೆ, ಒಂದು ಕೌದಿ. ಹುಲಿಗವ್ವ ರೊಟ್ಟಿ ತಂದು ಬದುವಿನ ಮೇಲಿಟ್ಟು ಹೋಗುತ್ತಾಳೆ. ಅವಳಿಗೆ ಹೆದರಿಕೆಯಿಲ್ಲ, ನೋಡಿದವರು ಅತ್ತೆಗೆ ಹೇಳುತ್ತಾರೆಂದು ಹಾಗೆ ಮಾಡುತ್ತಾಳೆ. ಈ ಕಾಗದವೂ ಅವಳ ಸೀರೆಯ ಮಡಿಲಲ್ಲೇ ಟಪಾಲಿಗೆ ಹೋಗುತ್ತದೆ.

ಮನೆಯಲ್ಲಿದ್ದಾಗ ಅನ್ನಿಯ ದನಿಯಾದರೂ ಕೇಳುತ್ತಿತ್ತು. ಅದನ್ನೂ ನೀನು ಕಸಿದುಕೊಂಡೆ. ಕೇಳದೆ, ಹೇಳದೆ, ಅಣ್ಣನಾಗಿ.

ಇನ್ನೊಂದು ಮಾತು. ನೀನು ಹುಟ್ಟಿದ್ದೂ ಈ ಸೀಮೆಯಲ್ಲೇ ತಾನೆ? ನಿಮ್ಮ ಊರಿನ ಕೆಮ್ಮಣ್ಣು ಎಂದು ಬರೆದಿದ್ದೀ. ತಳಕಲ್ಲಿನದು ಎರೆ ಮಣ್ಣು, ಕಾಡಿಗೆಯಂಥ ಕಪ್ಪು. ಮದುವೆಯಲ್ಲಿ ನನ್ನನ್ನು ಬಿಡಲು ಬಂದವನ ಚಪ್ಪಲಿಗೆ ಮೂರು ದಿನ ಮೆತ್ತಿಕೊಂಡಿದ್ದು ಅದೇ. ಏಳು ವರ್ಷದಲ್ಲಿ ಮಣ್ಣಿನ ಬಣ್ಣ ಮರೆತವನು ನನ್ನ ಮೈಯ ಬಣ್ಣ ಏನು ನೋಡಿದೆ?

ಶೇಖರಮ್ಮ


ಮುಂಬಯಿ
೧೨ ಮಾರ್ಚ್ ೧೯೩೯

ಶೇಖರಿ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಉತ್ತರ ಇನ್ನೂ ಬಂದಿಲ್ಲ. ಇವತ್ತು ಆ ಚೂರನ್ನು ಅಂಗಡಿಯ ಭೂತಕನ್ನಡಿಯ ಕೆಳಗಿಟ್ಟು ನೋಡಿದೆ. ನಿನ್ನ ಹಿಂದಿನ ಗೋಡೆಯ ಮೇಲೆ ನಿನ್ನ ನೆರಳು ಮೂರು ಕಡೆ ಬಿದ್ದಿದೆ. ಬಿಸಿಲಿನಲ್ಲಿ ನೆರಳು ಒಂದೇ ಇರಬೇಕು.

ಎಲ್ಲಿ ತೆಗೆದಿರಿ? ನಿಜ ಬರೆ. ನಿನ್ನ ಕಾಗದ ಬರುವವರೆಗೆ ನನಗೆ ನಿದ್ದೆಯಿಲ್ಲ. ಭಾವನವರಿಗೆ ನಾನೊಂದು ಕಾಗದ ಬರೆದಿದ್ದೆ. ಅದನ್ನು ನಂಬಬೇಡಿ ಎಂದು ಇವತ್ತೇ ಇನ್ನೊಂದು ಹಾಕಿದ್ದೇನೆ.

ಕರಿಬಸಪ್ಪ


ತಳಕಲ್ ಹೊಲದಿಂದ
೨೨ ಮಾರ್ಚ್ ೧೯೩೯

ಅಣ್ಣಾ,

ನಿನ್ನ ಎರಡನೆಯ ಕಾಗದವನ್ನು ಇವರು ಓದಿದರಂತೆ. ಅತ್ತೆಯವರು, "ತಂಗಿ ಅತ್ತಾಳು, ಅಣ್ಣ ಮಾತು ತಿರಿವ್ಯಾನ" ಎಂದರಂತೆ. ಅಲ್ಲಿಗೆ ಮುಗಿಯಿತು.

ನಿಜ ಕೇಳಿದೆಯಲ್ಲ, ಬರೆಯುತ್ತೇನೆ. ಆ ದಿನಗಳಲ್ಲಿ ನಾನು ಅಂಗಳ ನೋಡಿದ್ದೇ ಇಲ್ಲ. ವೈದ್ಯರು ಬಂದು ಹೋದ ದಿನದಿಂದ ಕಾಳು ತುಂಬುವ ಹಗೇವಿನ ಪಕ್ಕದ ಒಳಕೋಣೆಯಲ್ಲಿದ್ದೆ. ಕಿಟಕಿಯಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು, ಹಿಂಗಾರಿ ಮಳೆಯಲ್ಲಿ ಸೋರುತ್ತದೆಂದು ಅದರ ಮೇಲೆ ಪರಾತ ಬೋರಲು ಹಾಕಿದ್ದರು. ತೆಗೆಯಲು ಯಾರಿಗೂ ನೆನಪಾಗಲಿಲ್ಲ. ಬಾಗಿಲಿಗೆ ಹೊರಗಿನಿಂದ ಸರಪಳಿ. ಕಲೆಯ ಬಣ್ಣ ದಿನಕ್ಕೊಂದು ಕಾಣುತ್ತದೆ ಎಂದು ಬರೆದಿದ್ದೆನಲ್ಲ, ನಾನು ಅದನ್ನು ಹಗಲಲ್ಲಿ ನೋಡಿದ್ದರೆ ತಾನೆ?

ಏಕೆ ಸುಳ್ಳು ಬರೆದೆ ಎನ್ನುತ್ತೀ. ಬರೆದಿದ್ದರೆ ನೀನು ಮರುದಿನವೇ ರೈಲು ಹತ್ತಿ ಬಂದು ಜಗಳ ತೆಗೆಯುತ್ತಿದ್ದೆ. ಅತ್ತೆಯವರು, ನಿನ್ನ ತಂಗಿಯನ್ನು ಕರಕೊಂಡು ಹೋಗು ಎನ್ನುತ್ತಿದ್ದರು. ತಂಗಿಯನ್ನು ಕಳಿಸುತ್ತಾರೆ, ಮೊಮ್ಮಗಳನ್ನು ಕಳಿಸುವುದಿಲ್ಲ. ಫೋಟೋದ ದಿನ ಒಂದು ಗಳಿಗೆ ಅಂಗಳಕ್ಕೆ ಬಿಡುತ್ತೇವೆ ಎಂದು ಇವರು ಮಾತು ಕೊಟ್ಟಿದ್ದರು. ಅದನ್ನು ನಂಬಿ ಬರೆದೆ. ಆ ದಿನ ನೂರಸಾಬ ಬಂದು ನಿಂತ ಮೇಲೆ ಅತ್ತೆಯವರು ಅಡ್ಡ ನಿಂತರು: "ಮಂದಿ ಮಾಳಗಿ ಮ್ಯಾಲ ನಿಂತು ನೋಡತಾರ. ತಗಿಯೂದಿದ್ರ ಒಳಗ ತಗೀರಿ." ನೂರಸಾಬ ಭಾಳ ಹೇಳಿದ. "ಅವ್ವಾರ, ಇದು ಬಿಸಲಿನ ಫಿಲ್ಮು ಐತ್ರಿ, ಒಳಗ ತಗದ್ರ ಖರಾಬ್ ಆಗತೈತಿ" ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಹೊರಟು ನಿಂತಾಗ ನಾನೇ ಬೇಡಿಕೊಂಡೆ. ನಡುಮಧ್ಯಾಹ್ನ ಮೂರು ಕಂದೀಲು ಹಚ್ಚಿದರು. ಅವನು ಬಾಯಲ್ಲಿ ನೂರು ಎಣಿಸುವವರೆಗೆ ನಾನು ಅಲುಗಾಡದೆ ಕೂತೆ. ನಿನಗೆ ತಿಳಿಸುತ್ತೇನೆ ಎಂದ. ತಿಳಿಸಬೇಡ ಎಂದು ಅವನಿಂದ ಆಣೆ ಹಾಕಿಸಿಕೊಂಡೆ. ಬಿಸಿಲಾದರೇನು ದೀಪವಾದರೇನು, ಕೈ ನನ್ನದೇ ತಾನೆ ಎಂದುಕೊಂಡೆ. ನೀನು ಪಾಠ ಹೇಳಿದ್ದೆ. ಅದು ನಿನ್ನ ದೊಡ್ಡಸ್ತಿಕೆ ಎಂದುಕೊಂಡಿದ್ದೆ.

ಹೀಗೆ ನಾನು ಒಂದು ಮುಚ್ಚಿಟ್ಟೆ, ನೀನು ಒಂದು ಮುಚ್ಚಿಟ್ಟೆ. ಇಬ್ಬರೂ ಸೇರಿ ನನ್ನನ್ನು ಹೊಲಕ್ಕೆ ಹಾಕಿದೆವು.

ಈಗ ಕೇಳು, ನನ್ನ ಹತ್ತಿರ ಎಷ್ಟು ಬೆಳಕಿದೆ ಎಂದು. ಜೋಳ ಕೊಯ್ದಾಗಿದೆ, ಒಂದು ಗಿಡದ ನೆರಳೂ ಇಲ್ಲ. ಹೊತ್ತು ಹುಟ್ಟುವಾಗಿನಿಂದ ಮುಳುಗುವತನಕ ಬಿಸಿಲು. ಕ್ಯಾಮೆರಾ ನೂರಸಾಬನ ಹತ್ತಿರವೇ ಇದೆ. ಇನ್ನೊಂದು ಫಿಲ್ಮು ಕಳಿಸು.

ಶೇಖರಮ್ಮ


ಮುಂಬಯಿ
೨ ಏಪ್ರಿಲ್ ೧೯೩೯

ಶೇಖರಿ,

ನಿನ್ನ ಕಾಗದ ಓದಿ ಅತ್ತುಬಿಟ್ಟೆ. ಇದನ್ನು ಬರೆಯಲು ನಾಚಿಕೆಯೇನೂ ಇಲ್ಲ. ಬಿಸಿಲಿನ ಫಿಲ್ಮು ದೀಪದ ಮುಂದೆ ಕೆಂಪಾಗುತ್ತದೆ ಎಂದು ದಿನಕ್ಕೆ ಹತ್ತು ಗಿರಾಕಿಗಳಿಗೆ ಹೇಳುವವನು, ಕೆಂಪಾದ ನಿನ್ನ ಮುಖವನ್ನೇ ಕೈಯಲ್ಲಿ ಹಿಡಿದು ಮಣ್ಣಿಗೆ ತಪ್ಪು ಹೊರಿಸಿದೆ.

ಫಿಲ್ಮು ನೂರಸಾಬನಿಗೆ ಕಳಿಸಿದ್ದೇನೆ. ಏಪ್ರಿಲ್ ಬಿಸಿಲು ಖಾರ, ಎಂಟು ಗಂಟೆಯ ಒಳಗೆ ಮುಗಿಸಿರಿ. ಕಲೆಯ ಮೇಲೆ ಸೂಜಿ ಚುಚ್ಚಿದರೆ ನೋವು ತಿಳಿಯುತ್ತದೆಯೇ ಎಂದು ಡಾಕ್ಟರು ಕೇಳಿದ್ದಾರೆ. ಕುಷ್ಠವಿದ್ದರೆ ತಿಳಿಯುವುದಿಲ್ಲವಂತೆ. ಮೊದಲೇ ಕೇಳಬೇಕಿತ್ತು.

ಎಲ್ಲ ಬಿಟ್ಟು ಇಲ್ಲಿಗೆ ಬಂದುಬಿಡು. ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ಕರಿಬಸಪ್ಪ


ತಳಕಲ್ ಹೊಲದಿಂದ
೧೯ ಏಪ್ರಿಲ್ ೧೯೩೯

ಅಣ್ಣಾ,

ಸೂಜಿ ಚುಚ್ಚಿದೆ. ಚೆನ್ನಾಗಿ ತಿಳಿಯಿತು, ಬೇಕಾದ್ದಕ್ಕಿಂತ ಹೆಚ್ಚೇ ತಿಳಿಯಿತು.

ನೂರಸಾಬ ಕೊಪ್ಪಳದಿಂದ ನಸುಕಿನಲ್ಲೇ ಹೊರಟು ಬಂದಿದ್ದ. ನನ್ನನ್ನು ಬಯಲಲ್ಲಿ ಕೂರಿಸಿ, ಒಂದು ಕ್ಷಣದಲ್ಲಿ ಎರಡು ಸಲ ಗುಂಡಿ ಒತ್ತಿ, "ಮುಗೀತ್ರಿ ತಂಗೇವ್ವ" ಎಂದ. ಇಷ್ಟೇನಾ ಎಂದೆ. "ಇಷ್ಟಽ ಐತ್ರಿ. ಅವತ್ತು ನಾ ಎದ್ದು ಹೋಗಬೇಕಿತ್ತು" ಎಂದು ಹೇಳಿ ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟ. ನಾನು ಕೊಟ್ಟ ನೀರು ಕುಡಿದ. ಆರು ತಿಂಗಳ ಮೇಲೆ ನನ್ನ ಕೈಯಿಂದ ಒಬ್ಬರು ನೀರು ಕುಡಿದರು, ಅಣ್ಣಾ. ಅವನು ಹೋದ ಮೇಲೆ ಆ ತಂಬಿಗೆಯನ್ನು ಸುಮ್ಮನೆ ಹಿಡಿದುಕೊಂಡು ಕೂತಿದ್ದೆ.

ಮುಂಬಯಿಗೆ ಬರುವುದಿಲ್ಲ. ಅನ್ನಿ ಇಲ್ಲಿದ್ದಾಳೆ.

ಶೇಖರಮ್ಮ


ಮುಂಬಯಿ
೪ ಜೂನ್ ೧೯೩೯

ಶೇಖರಿ, ಶೇಖರಿ,

ಬೆಳ್ಳಗಿದೆ! ಹಾಲಿನಂತೆ ಬೆಳ್ಳಗಿದೆ. ಸೀರೆ ಬಿಳಿ, ಮಣ್ಣು ಕಪ್ಪು, ನಿನ್ನ ಮೈ ನಮ್ಮ ಅವ್ವನ ಮೈಬಣ್ಣ. ಡಾಕ್ಟರು ಎರಡು ಸಲ ಎತ್ತಿ ನೋಡಿ, ನೀನು ಬರೆದ ಸೂಜಿಯ ಮಾತು ಕೇಳಿ, ತಾವೇ ಕಾಗದ ಬರೆದುಕೊಟ್ಟರು: ಇದು ತೊನ್ನು, ಅಂಟುವ ರೋಗವಲ್ಲ, ಈ ತಾಯಿ ತನ್ನ ಮಗುವಿನ ಜೊತೆ ಇರಬಹುದು. ಅದನ್ನೂ, ಚಿತ್ರವನ್ನೂ ಭಾವನವರಿಗೆ ಕಳಿಸಿದ್ದೇನೆ. ಇನ್ನೊಂದು ಚಿತ್ರ ಇದರೊಳಗಿದೆ, ಅದು ನಿನಗೆ.

ಈ ಕಾಗದ ತಲುಪುವ ಹೊತ್ತಿಗೆ ನೀನು ಮನೆಯಲ್ಲಿರುತ್ತೀ. ಅನ್ನಿಗೆ ಮಾವನ ಮುತ್ತು.

ಕರಿಬಸಪ್ಪ


ತಳಕಲ್ ಹೊಲದಿಂದ
೨೫ ಜೂನ್ ೧೯೩೯

ಅಣ್ಣಾ,

ನಾನು ಮನೆಯಲ್ಲಿಲ್ಲ.

ಇವರು ಚಿತ್ರ ತೆಗೆದುಕೊಂಡು ಹೊಲಕ್ಕೆ ಬಂದರು. ದೂರದಲ್ಲೇ ನಿಂತರು. ನಾನು ಕೈ ಚಾಚಿ, ಇಲ್ಲೇ ಬಿಸಿಲಿದೆ, ಚಿತ್ರವನ್ನೂ ಕೈಯನ್ನೂ ಜೋಡಿಸಿ ನೋಡಿರಿ ಎಂದೆ. ನೋಡಿದರು. "ಬೆಳ್ಳಗಽ ಐತಿ" ಎಂದರು. ಹಾಗಾದರೆ ಕರೆದುಕೊಂಡು ಹೋಗಿ ಎಂದೆ. ನೆಲ ನೋಡುತ್ತಾ, "ಅವ್ವ ಒಪ್ಪವಲ್ಲಳು" ಎಂದರು.

ಅತ್ತೆಯವರ ಮಾತು ಹೀಗಿದೆಯಂತೆ: "ಮೊದಲಿಂದು ಕೆಂಪಗಿತ್ತು, ಈಗಿಂದು ಬೆಳ್ಳಗೈತಿ. ಮುಂಬಯಿದಾಗ ಬೇಕಾದ ಬಣ್ಣ ಹಚ್ಚತಾರ." ನನ್ನನ್ನು ಹೊರಗೆ ಹಾಕಿದ ಚಿತ್ರವನ್ನು ಅವರು ನೋಡಲೂ ಇಲ್ಲ, ಕೇಳಿಯೇ ನಂಬಿದರು. ಒಳಗೆ ಕರೆಯಬೇಕಾದ ಚಿತ್ರ ಕೈಯಲ್ಲಿದ್ದರೂ ನಂಬುವುದಿಲ್ಲ. ಇದಕ್ಕೆ ನಿನ್ನ ಅಂಗಡಿಯಲ್ಲಿ ಯಾವ ಫಿಲ್ಮು ಇದೆ, ಹೇಳು.

ಎರಡು ದಿನ ಉಣ್ಣಲಿಲ್ಲ. ಹುಲಿಗವ್ವ ಬೈದಳು: "ನೀವು ಸತ್ರ ಆಕೀದು ಖರೇ ಆಗತೈತ್ರಿ, ಎದ್ದು ರೊಟ್ಟಿ ತಿನ್ರಿ." ತಿಂದೆ.

ಶೇಖರಮ್ಮ


ತಳಕಲ್
೧೪ ಜುಲೈ ೧೯೩೯

ಅಣ್ಣಾ,

ಇನ್ನು ಫಿಲ್ಮು ಕಳಿಸಬೇಡ.

ರೊಟ್ಟಿ ತಿಂದ ಮರುದಿನ ಬೆಳಿಗ್ಗೆ ಸೆರಗು ಕೈಯ ಮೇಲಿಂದ ತೆಗೆದು, ಊರ ನಡುವಿನಿಂದಲೇ ನಡೆದು ಹೋದೆ. ನೋಡುವವರು ನೋಡಿದರು. ಮನೆಯ ಎದುರಿನ ಬೇವಿನ ಕಟ್ಟೆಯ ಮೇಲೆ ಕೂತೆ. ಅತ್ತೆಯವರು ಬಾಗಿಲಿಗೆ ಬಂದು, "ಏಳತೀಯೋ ಇಲ್ಲೋ?" ಎಂದರು. ಏಳಲಿಲ್ಲ. ಬಂದು ಎಬ್ಬಿಸಬೇಕಾದರೆ ನನ್ನನ್ನು ಮುಟ್ಟಬೇಕಲ್ಲ, ಯಾರೂ ಬರಲಿಲ್ಲ. ಅತ್ತೆಯವರು ಅಂಗಳದ ಅಂಚಿಗೆ ಬೂದಿಯ ಗೆರೆ ಎಳೆದು ಒಳಗೆ ಹೋದರು. ಅವತ್ತಿನಿಂದ ದಿನಾಲು ಹೋಗಿ ಕೂಡುತ್ತೇನೆ, ಸಂಜೆ ಗುಡಿಸಲಿಗೆ ಬರುತ್ತೇನೆ. ಇವರು ಹೊಲಕ್ಕೆ ಹೋಗುವಾಗ ನನ್ನ ಮುಂದೆಯೇ ಹಾಯುತ್ತಾರೆ, ಏಳು ಎಂದು ಅನ್ನುವುದಿಲ್ಲ.

ಅನ್ನಿ ಮೊದಲ ದಿನ ನನ್ನನ್ನು ಕಂಡು ಅತ್ತಳು. ಮುಟ್ಟಿದರೆ ಕೈ ಸುಡುತ್ತದೆ ಎಂದು ಹೇಳಿಕೊಟ್ಟಿದ್ದಾರೆ. ನಾಲ್ಕನೆಯ ದಿನ ಬಾಗಿಲ ಮರೆಯಿಂದ ನೋಡಿದಳು. ಆಮೇಲೆ ಗೆರೆಯತನಕ ಬಂದು ನಿಂತು ಹೋಗುತ್ತಿದ್ದಳು. ನಾನು ಕರೆಯಲಿಲ್ಲ. ಕರೆಯದೆ ಕೂಡುವುದು ಎಷ್ಟು ಕಷ್ಟ ಎಂಬುದನ್ನು ಬರೆಯಲು ನನಗೆ ಬರುವುದಿಲ್ಲ.

ಹೋದ ಸೋಮವಾರ ಗೆರೆ ದಾಟಿದಳು. ಕಟ್ಟೆಗೆ ಬಂದು, ಒಂದು ಬೆರಳಿನಿಂದ ಆ ಬಿಳಿ ಕಲೆಯನ್ನು ಮುಟ್ಟಿ, ಗಕ್ಕನೆ ಬೆರಳು ಹಿಂದೆಳೆದು ನೋಡಿಕೊಂಡಳು. ಸುಟ್ಟಿರಲಿಲ್ಲ. ಆಮೇಲೆ ಬೆರಳಿಗೆ ಉಗುಳು ಹಚ್ಚಿ ಕಲೆಯನ್ನು ತಿಕ್ಕಿದಳು. ತಿಕ್ಕಿದಳು, ತಿಕ್ಕಿದಳು, ಹೋಗಲಿಲ್ಲ. "ನೋವಾಗತೈತೇನ?" ಎಂದು ಕೇಳಿದಳು. ಇಲ್ಲವ್ವಾ ಎಂದೆ. ಹತ್ತಿ ನನ್ನ ತೊಡೆಯ ಮೇಲೆ ಕೂತಳು. ಅವಳ ತಲೆಯಲ್ಲಿ ಸಿಕ್ಕು ಭಾಳ ಇದೆ, ಅಣ್ಣಾ.

ಅತ್ತೆಯವರು ಓಡಿ ಬಂದು ಅವಳನ್ನು ಎಳೆದುಕೊಂಡು ಹೋಗಿ ತಲೆಯ ಮೇಲೆ ನೀರು ಸುರಿದರು. ಮರುದಿನ ಮತ್ತೆ ಬಂದಳು, ಮತ್ತೆ ಸುರಿದರು. ನಿನ್ನೆ ಎರಡು ಸಲ ಬಂದಳು. ಈಗ ಅತ್ತೆಯವರು ಬೆಳಿಗ್ಗೆ ಎದ್ದ ಕೂಡಲೇ ಹಂಡೆಗೆ ಉರಿ ಹಾಕುತ್ತಾರೆ. ಇವತ್ತು ನೀರು ಕಾಯುವ ಮುಂಚೆಯೇ ಅನ್ನಿ ಬಂದು, ತಲೆ ಬಾಚುವ ಹಣಿಗೆಯನ್ನು ನನ್ನ ಕೈಗೆ ಕೊಟ್ಟು, ನನಗೆ ಬೆನ್ನು ಮಾಡಿ ಕೂತಳು.

ಶೇಖರಮ್ಮ